ತೇರಿನ ಫೋಟೊ ಮತ್ತು ಮನೆಮಂದಿಯ ವಾದ

(ಕೊಪ್ಪಳದ ಗವಿಮಠದ ಜಾತ್ರೆಯ ಮರುದಿನ ಮನೆಮಂದಿಯ ಮೊಬೈಲ್ ಗುಂಪಿಗೆ ತಮ್ಮ ಹಾಕಿದ ಫೋಟೊ: ಸಾಗುತ್ತಿರುವ ತೇರು, ಅದರ ಮುಂದೆ ಎತ್ತಿ ಹಿಡಿದ ಮೊಬೈಲ್‌ಗಳು.)

ಕಾಕಾ: ಇದರಲ್ಲಿ ಕೈ ಮುಗಿದವರು ಒಬ್ಬರಾದರೂ ಕಾಣುತ್ತಾರೆಯೇ? ತೇರು ಕಣ್ಣೆದುರು ಬಂದರೂ ಅಂಗೈ ಅಗಲದ ಪರದೆಯಲ್ಲಿ ನೋಡುತ್ತಾರೆ. ಉತ್ತತ್ತಿ ಎಸೆಯಲೂ ಕೈ ಖಾಲಿ ಇಲ್ಲ.

ತಮ್ಮ: ರಜೆ ಸಿಗದೆ ಬೆಂಗಳೂರಿನಲ್ಲೇ ಉಳಿದ ಅಣ್ಣ ಇದರಲ್ಲೇ ತೇರು ನೋಡಿದ, ಕಾಕಾ.

ಕಾಕಾ: ಸರಿ. ಕಳೆದ ವರ್ಷ ತೆಗೆದವು ಎಲ್ಲಿವೆ? ಒಮ್ಮೆಯಾದರೂ ತೆರೆದು ನೋಡಿದ್ದೀಯಾ?

ಮಾವ: ಲಿಂಡಾ ಹೆಂಕೆಲ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ ವಸ್ತುಸಂಗ್ರಹಾಲಯದಲ್ಲಿ ನಡೆಸಿದ ಪ್ರಯೋಗ 2014ರಲ್ಲಿ ಪ್ರಕಟವಾಯಿತು. ಬರಿಗಣ್ಣಿನಿಂದ ನೋಡಿದ ವಸ್ತುಗಳಿಗಿಂತ ಫೋಟೊ ತೆಗೆದ ವಸ್ತುಗಳೇ ಜನರಿಗೆ ಕಡಿಮೆ ನೆನಪಿದ್ದವು.

ಅಕ್ಕ: ಉಳಿದದ್ದನ್ನೂ ಹೇಳಿ, ಮಾವ. ವಸ್ತುವಿನ ಒಂದು ಭಾಗವನ್ನು ಜೂಮ್ ಮಾಡಿ ತೆಗೆದಾಗ ನೆನಪು ಕುಂದಲಿಲ್ಲ. ಆದರೆ ನನ್ನ ವಾದ ತೆಗೆದವರ ನೆನಪಿನದ್ದಲ್ಲ. ಹಂಪಿಯ ಕಲ್ಲಿನ ರಥವನ್ನು ನಾವೆಲ್ಲ ನೋಡಿದ್ದೇವೆ. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ 1856ರಲ್ಲಿ ಮೇಣ ಸವರಿದ ಕಾಗದದ ನೆಗೆಟಿವ್ ಬಳಸಿ ಹಂಪಿಯ ಫೋಟೊ ತೆಗೆದ. ಅದರಲ್ಲಿ ಅದೇ ರಥದ ಮೇಲೆ ಇಟ್ಟಿಗೆಯ ಶಿಖರವಿದೆ! ಇಂದು ಅದಿಲ್ಲ. ಅದು ಹೋಗುತ್ತದೆಂದು ಅವನಿಗೇನು ಗೊತ್ತಿತ್ತು? ಯಾವುದು ಉಳಿಯುತ್ತದೆ, ಯಾವುದು ಅಳಿಯುತ್ತದೆ ಎಂಬುದು ತೆಗೆಯುವ ಹೊತ್ತಿಗೆ ಯಾರಿಗೂ ತಿಳಿಯದು. ಜನ ಫೋಟೊಕ್ಕೆ ಹಾತೊರೆಯುವುದು ಅದಕ್ಕೇ, ಕಾಕಾ.

ಕಾಕಾ: ಅವನು ಒಂದೊಂದು ಚಿತ್ರಕ್ಕೂ ನಿಮಿಷಗಟ್ಟಲೆ ಕಾಯಬೇಕಿತ್ತು. ಇವನು ಒಂದೇ ತೇರಿಗೆ ನೂರಾರು ಒತ್ತಿದ್ದಾನೆ.

ಅತ್ತೆ: ಅಣ್ಣ, ನೂರಾರು ಹೆಚ್ಚೆನ್ನಬೇಡ. ಅವ್ವ ಹೋದಾಗ ನಮ್ಮ ಬಳಿ ಏನಿತ್ತು? ಮತದಾರರ ಗುರುತಿನ ಚೀಟಿಯ ಮಸುಕು ಮುಖ. ಸ್ಟುಡಿಯೋದವರು ಅದನ್ನೇ ದೊಡ್ಡದು ಮಾಡಿ, ಯಾರದೋ ರೇಷ್ಮೆ ಸೀರೆಗೆ ಜೋಡಿಸಿ ಕೊಟ್ಟರು. ಅವ್ವ ಜೀವಮಾನವೆಲ್ಲ ಇಳಕಲ್ ಸೀರೆ ಉಟ್ಟವಳು. ಆ ಚೌಕಟ್ಟಿಗೆ ಮಾಲೆ ಹಾಕುವಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅವಳು ರೊಟ್ಟಿ ಬಡಿಯುವ ಒಂದು ಚಿತ್ರ ಇದ್ದಿದ್ದರೆ! ಆ ಕೈಗಳು ಹೇಗಿದ್ದವೆಂದು ನನ್ನ ಮಗಳಿಗೆ ಹೇಗೆ ತೋರಿಸಲಿ?

ಕಾಕಾ: ಅವ್ವನ ವಿಷಯದಲ್ಲಿ ನಾನು ಎದುರಾಡುವುದಿಲ್ಲ, ತಂಗಿ. ಆದರೆ ಇವನ ಮೊಬೈಲ್ ಕೂಡ ತೇರಿನತ್ತಲೇ ತಿರುಗುತ್ತದೆ. ಅಡುಗೆಮನೆಯತ್ತ ಯಾವಾಗ ತಿರುಗಿದೆ?

ತಮ್ಮ: ತಿರುಗಿದೆ, ಕಾಕಾ. ಮಠದ ದಾಸೋಹಕ್ಕೆಂದು ಓಣಿಯವರೆಲ್ಲ ನಮ್ಮ ಮನೆಯಲ್ಲಿ ಕುಳಿತು ಜೋಳದ ರೊಟ್ಟಿ ಬಡಿದದ್ದನ್ನು ತೆಗೆದಿದ್ದೇನೆ. ಗುಂಪಿಗೆ ಹಾಕಬೇಡ ಎಂದು ಅಮ್ಮ ತಡೆದಳು.

ಅಮ್ಮ: ತಲೆ ಬಾಚಿರಲಿಲ್ಲ, ಸೆರಗಿಗೆಲ್ಲ ಹಿಟ್ಟು ಮೆತ್ತಿತ್ತು. ಎಲ್ಲರೂ ನೋಡುವಂಥದ್ದಲ್ಲ.

ಅತ್ತೆ: ಅತ್ತಿಗೆ, ಆ ಹಿಟ್ಟು ಮೆತ್ತಿದ ಸೆರಗೇ ನಮಗೆ ಬೇಕು.

ಕಾಕಾ: ಮೊಬೈಲ್‌ನಲ್ಲೇ ಬಿಡಬೇಡ, ಪ್ರಿಂಟ್ ಹಾಕಿಸು. ಯಾರು ಯಾರು ಕುಳಿತಿದ್ದಾರೆಂದು ಹಿಂದೆ ಬರೆದಿಡು. ತೇರಿನ ವಿಷಯದಲ್ಲಿ ಮಾತ್ರ ನನ್ನ ಮಾತು ಬದಲಾಗದು: ಮೊದಲು ಕೈ ಮುಗಿ, ಆಮೇಲೆ ತೆಗೆ.

ಅಮ್ಮ: ಪ್ರಿಂಟ್ ಹಾಕಿಸಲಿ, ಬೇಡವೆನ್ನುವುದಿಲ್ಲ. ಗುಂಪಿಗೆ ಮಾತ್ರ ಬೇಡ.