ಹಳೆ ಬಂಕ್ ಜಾಗ: ಬೇಸಿಗೆಯಲ್ಲಿ ಸೊನ್ನೆ, ನಾಲೆಗೆ ನೀರು ಬಿಟ್ಟ ಮೇಲೆ ಮತ್ತೆ ಬೆಂಜೀನ್

ಸೈಟ್_ಮಂಡ್ಯ (ಪ್ರಶ್ನೆ)

ಮಂಡ್ಯ ಜಿಲ್ಲೆ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನ ಹಳೆ ಪೆಟ್ರೋಲ್ ಬಂಕ್ ಜಾಗ. 1980ರ ದಶಕದ ಎರಡು ನೆಲದಡಿ ಟ್ಯಾಂಕ್ ತೆಗೆದು, ಗುಂಡಿಯ ಮಣ್ಣನ್ನೂ ಸಾಗಿಸಿದ್ದಾಗಿದೆ. ಮಾನಿಟರಿಂಗ್ ಬೋರ್ ನಾಲ್ಕು, 50 ಮಿ.ಮೀ. ಪೈಪ್, 12 ಮೀಟರ್ ಆಳ, ನೀರು ಒಳಬರುವ ಸೀಳು ಪೈಪ್ 6ರಿಂದ 12 ಮೀಟರ್. ಎರಡು ವರ್ಷ ನೀರೆತ್ತಿ ಕಾರ್ಬನ್‌ನಲ್ಲಿ ಹಾಯಿಸಿದೆವು. ಮೇ ತಿಂಗಳಲ್ಲಿ ನೀರು 9 ಮೀಟರ್‌ನಲ್ಲಿತ್ತು, ಪೆಟ್ರೋಲಿನಲ್ಲಿರುವ ವಿಷ ಬೆಂಜೀನ್ ಪತ್ತೆಯಿಲ್ಲ. ಅಕ್ಟೋಬರ್‌ನಲ್ಲಿ ನೀರು 4 ಮೀಟರ್‌ಗೆ ಬಂದಿದೆ, ಗುಂಡಿ ಪಕ್ಕದ 2ನೇ ಬೋರ್‌ನಲ್ಲಿ ಲೀಟರಿಗೆ 180 ಮೈಕ್ರೋಗ್ರಾಂ. ಲ್ಯಾಬ್ ತಪ್ಪೇ? ಮೇ ವರದಿ ಕೊಟ್ಟು ಕೇಸ್ ಮುಚ್ಚಿಸಬಹುದೇ?

ನಾಲೆದಡ

ಲ್ಯಾಬ್ ತಪ್ಪಲ್ಲ ಸರ್. ಮೇ ವರದಿ ಮೇಲೆ ಅರ್ಜಿ ಹಾಕಬೇಡಿ, ಆ ನೀರನ್ನು ಅಕ್ಕಪಕ್ಕದವರು ಕುಡಿಯುವವರು.

ಸೋರಿದ ಪೆಟ್ರೋಲ್ ನೀರಿನ ಮಟ್ಟದ ಜೊತೆ ಏರಿ ಇಳಿದು 4ರಿಂದ 9 ಮೀಟರ್ ನಡುವಿನ ಮೊರಂಗೆ ಬಳಿದುಕೊಂಡಿದೆ. ಬೇಸಿಗೆಯಲ್ಲಿ ನೀರು ಅದರ ಕೆಳಗೆ ಇಳಿಯುತ್ತದೆ, ಬೋರ್‌ನಲ್ಲಿ ಸಿಗುವುದು ಅಡಿಯ ಶುದ್ಧ ನೀರು. ನಾಲೆಗೆ ನೀರು ಬಿಟ್ಟಾಗ ಆ ಪದರ ಮುಳುಗಿ ಬೆಂಜೀನ್ ಮತ್ತೆ ಕರಗುತ್ತದೆ. ಎರಡು ವರ್ಷ ನೀವು ಎತ್ತಿದ್ದರಲ್ಲಿ ಹೆಚ್ಚಿನದು ನಾಲೆಯ ಬಸಿ ನೀರೇ. ಮಣ್ಣಿಗೆ ಹಿಡಿದ ಪೆಟ್ರೋಲ್ ನೀರೆತ್ತಿದರೆ ಬರುವುದಿಲ್ಲ.

ಇನ್ನೊಂದು ಕಡೆ ಕಣ್ಣಿಡಿ. ನಿಮ್ಮ ಸೀಳು ಪೈಪ್ 6 ಮೀಟರ್‌ನಿಂದ ಶುರು, ನೀರು 4ರಲ್ಲಿ ನಿಂತಿದೆ. ಮೇಲೆ ತೇಲುವ ಪೆಟ್ರೋಲ್ ಪದರ ಇದ್ದರೂ ಬೋರ್ ಒಳಗೆ ಬರಲು ದಾರಿಯೇ ಇಲ್ಲ. 2ನೇ ಬೋರ್ ಪಕ್ಕ 3ರಿಂದ 10 ಮೀಟರ್ ಸೀಳಿರುವ ಹೊಸದೊಂದು ಹಾಕಿ, ಮೇಲಿನ ಭಾಗಕ್ಕೆ ಬೆಂಟೊನೈಟ್ (ನೀರು ಕುಡಿದು ಉಬ್ಬಿ ಸಂದು ಮುಚ್ಚುವ ಜೇಡಿ) ತುಂಬಿ.

ಮೊರಂಬಾವಿ

ನಾಲೆದಡ ಹೇಳಿದ್ದು ಸರಿ. ಪರಿಹಾರಕ್ಕೆ ಬೇಸಿಗೆಯೇ ಕಾಲ. ಮಾರ್ಚ್‌ನಿಂದ ಜೂನ್‌ವರೆಗೆ ಪೆಟ್ರೋಲ್ ಹಿಡಿದ ಮೊರಂ ನೀರಿನಿಂದ ಹೊರಗಿರುತ್ತದೆ, ಆಗ ನೀರೆತ್ತುವುದನ್ನು ಬಿಟ್ಟು ಮಣ್ಣಿನೊಳಗಿನ ಆವಿ ತುಂಬಿದ ಗಾಳಿ ಎಳೆಯಿರಿ. ಬ್ಲೋವರ್, ಗಾಳಿ ಅದಕ್ಕೆ ಬರುವ ಮೊದಲು ನೀರು ಹಿಡಿಯುವ ಡ್ರಮ್, ಹೊರಬಿದ್ದ ಮೇಲೆ ಆವಿ ಹೀರುವ ಕಾರ್ಬನ್ ಡ್ರಮ್. ಮೋಟರ್ ಫ್ಲೇಮ್‌ಪ್ರೂಫ್ (ಒಳಗಿನ ಕಿಡಿ ಹೊರಗಿನ ಆವಿಗೆ ತಾಗದಂಥದ್ದು) ಆಗಿರಲೇಬೇಕು. ಪೆಟ್ರೋಲ್ ಆವಿ ಗಾಳಿಯಲ್ಲಿ ಶೇ. 1.4ರಷ್ಟಾದರೆ ಕಿಡಿ ಸಾಕು. ಮೊದಲ ದಿನಗಳಲ್ಲೇ ಆವಿ ಅತಿ ಹೆಚ್ಚು, ಆದ್ದರಿಂದ ಹೊರಗಾಳಿಯ ವಾಲ್ವ್ ತೆರೆದಿಟ್ಟು ಶುರು ಮಾಡಿ, ಗ್ಯಾಸ್ ಮೀಟರ್ ನೋಡುತ್ತಾ ನಿಧಾನಕ್ಕೆ ಮುಚ್ಚುತ್ತಾ ಬನ್ನಿ.

ಆವಿ ತಗ್ಗಿದ ಮೇಲೆ ಬ್ಲೋವರ್ ಮೂರ್ನಾಲ್ಕು ವಾರ ನಿಲ್ಲಿಸಿ ಮತ್ತೆ ಹಾಕಿ. ರೀಡಿಂಗ್ ಜಿಗಿದರೆ ಒಳಗೆ ಇನ್ನೂ ಇದೆ ಎಂದರ್ಥ. ಈ ಪರೀಕ್ಷೆ ಬಿಟ್ಟು ಕೆಲಸ ಮುಗಿಸುವವರೇ ಅಕ್ಟೋಬರ್‌ನಲ್ಲಿ ಪೇಚಿಗೆ ಸಿಗುವುದು.

1980ರ ದಶಕ ಎಂದಿರಿ. ಸೀಸದ ಪೆಟ್ರೋಲ್ ನಮ್ಮಲ್ಲಿ ನಿಂತಿದ್ದು 2000ದಲ್ಲಿ. ಹಾಗಾಗಿ ಸೀಸದ ಜೊತೆ ಪೆಟ್ರೋಲಿಗೆ ಬೆರೆಸುತ್ತಿದ್ದ ಎಥಿಲೀನ್ ಡೈಬ್ರೋಮೈಡ್ ಮತ್ತು 1,2-ಡೈಕ್ಲೋರೋಈಥೇನ್ ಪರೀಕ್ಷೆಯೂ ಆಗಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕುಡಿಯುವ ನೀರಿನ ಮಿತಿ ಬೆಂಜೀನ್‌ಗೆ ಲೀಟರಿಗೆ 10 ಮೈಕ್ರೋಗ್ರಾಂ, ಡೈಬ್ರೋಮೈಡ್‌ಗೆ ಬರೀ 0.4. ಅಷ್ಟು ಕಡಿಮೆ ಅಳೆಯುವ ವಿಧಾನ ಇದೆಯೇ ಎಂದು ಲ್ಯಾಬನ್ನು ಮೊದಲೇ ಕೇಳಿ. ಇಲ್ಲದಿದ್ದರೆ "ಪತ್ತೆಯಿಲ್ಲ" ಎಂಬ ಮಾತಿಗೆ ಬೆಲೆಯಿಲ್ಲ.

ಸೈಟ್_ಮಂಡ್ಯ

ಧನ್ಯವಾದ. ಸ್ಯಾಂಪಲ್ ಬಾಟಲಿಗೆ ಆಸಿಡ್ ಹಾಕಿದರೆ ನೊರೆ ಬರುತ್ತಿದೆ, ಇದು ಸರಿಯೇ? ಪಕ್ಕದ ಗದ್ದೆಯ ಬೋರ್ ಓಡುವಾಗ ನೀರಿನ ಮಟ್ಟವೂ ಅಲ್ಲಾಡುತ್ತದೆ.

ನಾಲೆದಡ

ಗಡಸು ನೀರು, ಬೈಕಾರ್ಬೊನೇಟ್ ಆಸಿಡ್ ಜೊತೆ ಸೇರಿ ಗ್ಯಾಸ್ ಬಿಡುತ್ತದೆ. ಆ ಗುಳ್ಳೆಗಳ ಜೊತೆ ಬೆಂಜೀನ್ ಹಾರಿಹೋಗುತ್ತದೆ. ಆಸಿಡ್ ಬಿಡಿ, ಐಸ್‌ನಲ್ಲಿಟ್ಟು, ಆಸಿಡ್ ಹಾಕಿದಾಗಿನ 14 ದಿನದ ಬದಲು 7 ದಿನದೊಳಗೆ ಪರೀಕ್ಷೆ ಮುಗಿಸಲು ಹೇಳಿ. 40 ಮಿ.ಲೀ. ಬಾಟಲಿಯ ಬಾಯಿ ಮೇಲೆ ನೀರು ಗುಮ್ಮಟದಂತೆ ಉಬ್ಬುವವರೆಗೆ ತುಂಬಿ, ಮುಚ್ಚಳ ಬಿಗಿದು, ತಲೆಕೆಳಗೆ ಮಾಡಿ ಬೆರಳಿನಿಂದ ತಟ್ಟಿ. ಸಾಸಿವೆಯಷ್ಟು ಗುಳ್ಳೆ ಕಂಡರೂ ಹೊಸ ಬಾಟಲಿ ತೆಗೆದುಕೊಳ್ಳಿ. ಅದಕ್ಕೂ ಮೊದಲು ಬೋರ್‌ನಲ್ಲಿ ನಿಂತ ನೀರಿನ ಮೂರು ಪಟ್ಟು ಎತ್ತಿ ಹೊರಹಾಕಬೇಕು. 50 ಮಿ.ಮೀ. ಪೈಪಿನಲ್ಲಿ ಮೀಟರಿಗೆ ಸುಮಾರು 2 ಲೀಟರ್, ಅಂದರೆ ಮೇ ತಿಂಗಳಲ್ಲಿ 18 ಲೀಟರ್, ಈಗ 48.

ಗದ್ದೆ ಬೋರ್ ಓಡುವಾಗ, ನಿಂತಾಗ ಎರಡೂ ಸಲ ನಾಲ್ಕು ಬೋರ್‌ಗಳ ಮಟ್ಟ ಅಳೆದು ಹರಿವಿನ ದಿಕ್ಕಿನ ನಕ್ಷೆ ಬರೆಯಿರಿ. ರೈತರನ್ನು ಕೇಳಿ ಅವರ ನೀರನ್ನೂ ಪರೀಕ್ಷೆಗೆ ಕಳಿಸಿ, ಫಲಿತಾಂಶ ಅವರ ಕೈಗೂ ಕೊಡಿ.

ಮೊರಂಬಾವಿ

ಕಡತಕ್ಕೆ: ಗುರಿ ಮಿತಿಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಬರಹದಲ್ಲಿ ಪಡೆಯಿರಿ. ಬ್ಲೋವರ್ ನಿಲ್ಲಿಸಿದ ಮೇಲೆ ಮೂರು ತಿಂಗಳಿಗೊಮ್ಮೆಯಂತೆ ಕನಿಷ್ಠ ನಾಲ್ಕು ಸುತ್ತು ಸ್ಯಾಂಪಲ್, ಅದರಲ್ಲಿ ಒಂದು ನಾಲೆ ತುಂಬಿ ಹರಿಯುವಾಗಿನದು. ಪ್ರತಿ ಅಂಕಿಯ ಪಕ್ಕದಲ್ಲೇ ಆ ದಿನದ ನೀರಿನ ಮಟ್ಟ ಬರೆಯಿರಿ, ಅದಿಲ್ಲದ ಕೋಷ್ಟಕ ಅರ್ಧ ಸತ್ಯ.

ಮಂಡಳಿಯ ಪತ್ರ ಕೈಗೆ ಬರುವವರೆಗೆ ಬೋರ್ ಮುಚ್ಚಬೇಡಿ. ಮುಚ್ಚುವಾಗ ಮೇಲಿಂದ ಮಣ್ಣು ಸುರಿಯುವುದು ಬೇಡ. ಸಣ್ಣ ಪೈಪನ್ನು ತಳದವರೆಗೆ ಇಳಿಸಿ, 50 ಕೆ.ಜಿ. ಸಿಮೆಂಟ್‌ಗೆ 25 ಲೀಟರ್ ನೀರು ಕಲಸಿ ಕೆಳಗಿಂದ ಮೇಲಕ್ಕೆ ತುಂಬಿ. ಒಂದು ಮೂಟೆಗೆ ಸುಮಾರು 40 ಲೀಟರ್ ಗಾರೆ ಬರುತ್ತದೆ. 12 ಮೀಟರ್ ಪೈಪಿಗೆ 24 ಲೀಟರ್ ಸಾಕು, ಆದರೆ ಸೀಳಿನಿಂದ ಹೊರಗೆ ಹೋಗುವುದಕ್ಕೂ ಲೆಕ್ಕ ಹಿಡಿದು ಬೋರ್‌ಗೆ ಒಂದು ಮೂಟೆ ಇಟ್ಟುಕೊಳ್ಳಿ. ಮರುದಿನ ಗಾರೆ ಕುಸಿದಿರುತ್ತದೆ, ಮತ್ತೆ ತುಂಬಿ.