ಸಹಾಯ ಬೇಕು: ಕೈಕೊಟ್ಟ ಎಸ್‌ಎಸ್‌ಡಿಯಿಂದ ಮಳೆ ಲೆಕ್ಕ ವಾಪಸ್ ಪಡೆಯೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾವು ಸೋಮವಾರಪೇಟೆ ಕಡೆಯವರು. ಹೋದ ವಾರದ ಗಾಳಿಮಳೆಗೆ ಕರೆಂಟ್ ಹತ್ತು ಸಲ ಹೋಗಿ ಬಂತು, ಯುಪಿಎಸ್ ಬ್ಯಾಟರಿ ಮೊದಲೇ ಸತ್ತಿತ್ತು (ಬದಲಾಯಿಸಬೇಕು ಅಂತ ಒಂದು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೆ), ಆಮೇಲೆ ವಿಂಡೋಸ್ ಬರಲೇ ಇಲ್ಲ. 480 ಜಿಬಿಯ ಸಾಟಾ ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕ್ ಬದಲು ಚಿಪ್‌ಗಳಲ್ಲಿ ಡೇಟಾ ಇಡುವ ಡ್ರೈವ್). ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಬರುವ ಸೆಟಪ್) ಒಮ್ಮೆ ಕಾಣುತ್ತದೆ, ಒಮ್ಮೆ ಇಲ್ಲ, ಕಂಡರೂ ಸೈಜ್ 0.

ಅದರಲ್ಲಿ ಕಾಫಿ, ಮೆಣಸಿನ ಲೆಕ್ಕ ಇದೆ, ಅದು ಹೋದರೂ ಹೋಗಲಿ. ಆದರೆ ಅಪ್ಪ ದಿನಾ ಬರೆದಿಡುವ ಮಳೆ ಅಳತೆ, 11 ವರ್ಷದ್ದು, ನಾನೇ ಕೂತು ಎಕ್ಸೆಲ್‌ಗೆ ಹಾಕಿದ್ದೆ, ಅದೂ ಅದರಲ್ಲೇ ಇದೆ. ಡೈರಿಗಳಿಗೆ ಗೆದ್ದಲು ಹಿಡಿದಿದೆ. ಅಪ್ಪನಿಗೆ ಇನ್ನೂ ಹೇಳಿಲ್ಲ.

ಕೇಬಲ್ ಬದಲಾಯಿಸಿ ನೋಡಿದೆ, ಉಪಯೋಗ ಆಗಲಿಲ್ಲ. ಆಮೇಲೆ ಡೇಟಾ ಕೇಬಲ್ ತೆಗೆದು ಬರೀ ಪವರ್ ಕೊಟ್ಟು ಅರ್ಧ ಗಂಟೆ ಬಿಟ್ಟು, 30 ಸೆಕೆಂಡ್ ಆಫ್ ಮಾಡಿ, ಮತ್ತೆ ಅರ್ಧ ಗಂಟೆ ಬಿಟ್ಟೆ. ಲಿನಕ್ಸ್‌ನಲ್ಲಿ ಪೂರ್ತಿ ಸೈಜ್ ಕಾಣಿಸಿತು! ಡಿಡಿರೆಸ್ಕ್ಯೂ (ಕೆಟ್ಟ ಡ್ರೈವ್‌ನಿಂದ ಸಿಕ್ಕಷ್ಟು ಕಾಪಿ ಮಾಡುವ ಪ್ರೋಗ್ರಾಂ) ಹಾಕಿದೆ, 6 ಜಿಬಿ ಕಾಪಿ ಆಗಿ ಡ್ರೈವ್ ಮಾಯ. ಫ್ರೀಜರ್‌ನಲ್ಲಿಡು ಅಂದ ಒಬ್ಬ ಗೆಳೆಯ. ಅದು ಹಳೇ ಹಾರ್ಡ್‌ಡಿಸ್ಕ್ ಕಾಲದ ಮಾತು, ಇದರಲ್ಲಿ ತಿರುಗೋದೇ ಏನೂ ಇಲ್ಲ, ಮೇಲಾಗಿ ನಮ್ಮ ಮಳೆಗಾಲದ ತೇವಕ್ಕೆ ಹೊರಗೆ ತೆಗೆದ ಕೂಡಲೇ ಬೆವರುತ್ತದೆ ಅಲ್ವಾ.

ಎಲ್ಲಿವರೆಗೆ ಕಾಪಿ ಆಯ್ತು ಅಂತ ಡಿಡಿರೆಸ್ಕ್ಯೂ ಬರೆದಿಟ್ಟ ಮ್ಯಾಪ್ ಫೈಲ್ ಇದೆ, ನಿಂತಲ್ಲಿಂದ ಮುಂದುವರಿಸಬಹುದು. ಮತ್ತೆ ಹಾಗೇ ಪವರ್ ಕೊಟ್ಟು ನೋಡಲೇ, ಅಥವಾ ಇನ್ನೂ ಹಾಳಾಗುತ್ತದಾ? ಚಿಪ್ ಕಿತ್ತು ಓದುತ್ತೇನೆ ಅನ್ನುತ್ತಾರೆ ಅಂಗಡಿಯವರು, ಆದರೆ ಕಂಟ್ರೋಲರ್ (ಡ್ರೈವ್ ನಡೆಸುವ ಒಳಗಿನ ಚಿಪ್) ಡೇಟಾವನ್ನು ಚದುರಿಸಿ, ಎಷ್ಟೋ ಡ್ರೈವ್‌ಗಳಲ್ಲಿ ಎನ್‌ಕ್ರಿಪ್ಟ್ ಮಾಡಿ ಇಡುತ್ತದೆ, ಸುಮ್ನೆ ಕಿತ್ತರೆ ಏನು ಸಿಗುತ್ತದೆ? ಮೈಸೂರಿನಲ್ಲಿ ಡೇಟಾ ಬಂದರೆ ಮಾತ್ರ ದುಡ್ಡು ತಗೊಳ್ಳುವವರು ಯಾರಾದರೂ ಇದ್ದರೆ ಹೇಳಿ.