ಸಸಿತಟ್ಟೆಯ ಸಣ್ಣ ನೊಣಗಳಿಗೆ ನೆಮಟೋಡ್: ಬೇಕೇ, ಬೇಡವೇ?

ಸಸಿಮನೆ, ಕೋಲಾರ: ನಮ್ಮ ಪ್ರೋಟ್ರೇಗಳ, ಅಂದರೆ ಗುಳಿಗಳಿರುವ ಸಸಿತಟ್ಟೆಗಳ, ತೆಂಗಿನ ನಾರಿನ ಪುಡಿಯಾದ ಕೊಕೊಪೀಟ್‌ನಲ್ಲಿ ಕಪ್ಪು ತಲೆಯ, ಮೈಯೆಲ್ಲ ಪಾರದರ್ಶಕವಾದ, ಫಂಗಸ್ ನ್ಯಾಟ್ ಎಂಬ ಸಣ್ಣ ನೊಣದ ಮರಿಹುಳುಗಳು ದಪ್ಪಮೆಣಸಿನ ಸಸಿಗಳ ಎಳೆಬೇರನ್ನು ತಿನ್ನುತ್ತಿವೆ. ಹಳದಿ ಅಂಟುಬಲೆಗೆ ನೊಣಗಳು ಬೀಳುತ್ತಿದ್ದರೂ ಹುಳು ಕಡಿಮೆಯಾಗಿಲ್ಲ. ಸ್ಟೈನರ್ನೀಮಾ ಫೆಲ್ಟಿಯೇ ಎಂಬ ನೆಮಟೋಡನ್ನು (ಬರಿಗಣ್ಣಿಗೆ ಕಾಣದಷ್ಟು ಸಣ್ಣ ದುಂಡುಹುಳು) ನೀರಿನಲ್ಲಿ ಕಲಸಿ ಹಾಕುವಂತೆ ಸಲಹೆ ಬಂದಿದೆ. ಟೊಮೆಟೊ ಬೇರಿಗೆ ಗಂಟು ಬರಿಸುವ ನೆಮಟೋಡ್‌ನಿಂದ ಸೋತಿರುವ ನಾವು, ದುಡ್ಡು ಕೊಟ್ಟು ಅದನ್ನೇ ತಂದು ಸುರಿಯುವುದೇ?

ಕೀಟಶಾಸ್ತ್ರ ವಿದ್ಯಾರ್ಥಿ, ಧಾರವಾಡ: ಹೆಸರೊಂದೇ ಆದರೂ ಬಾಳುವೆ ಬೇರೆ. ಬೇರುಗಂಟಿನ ನೆಮಟೋಡ್‌ಗೆ ಬೇರನ್ನು ಚುಚ್ಚುವ ಸೂಜಿಯಂಥ ಬಾಯಿ ಇದೆ, ಫೆಲ್ಟಿಯೇಗೆ ಅದಿಲ್ಲ. ಅದು ಮರಿಹುಳುವಿನ ಬಾಯಿ, ಗುದ ಅಥವಾ ಉಸಿರುರಂಧ್ರದ ಮೂಲಕ ಒಳಹೊಕ್ಕು, ತನ್ನ ಕರುಳಿನಲ್ಲಿ ಹೊತ್ತು ತಂದ ಜೆನೊರಾಬ್ಡಸ್ ಬ್ಯಾಕ್ಟೀರಿಯಾವನ್ನು ಅಲ್ಲಿ ಬಿಡುತ್ತದೆ. ಹುಳು ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಸಾಯುತ್ತದೆ. ಮೊಟ್ಟೆಗಳು ಮಾತ್ರ ಉಳಿದುಕೊಳ್ಳುವುದರಿಂದ ಒಂದೆರಡು ವಾರ ಬಿಟ್ಟು ಮತ್ತೆ ಹಾಕಬೇಕಾಗುತ್ತದೆ.

ಬಾಲ್ಕನಿ ತೋಟ, ಬೆಂಗಳೂರು: ಇಷ್ಟೆಲ್ಲ ಏಕೆ? ಮೇಲಿನ ಒಂದಂಗುಲ ಮಣ್ಣು ಒಣಗುವವರೆಗೆ ನೀರು ಹಾಕದಿದ್ದರೆ ಸಾಕು, ಹುಳುಗಳಿಗೆ ಉಳಿಗಾಲವಿಲ್ಲ. ನೆಮಟೋಡ್ ಬದುಕಲು ಬೇಕಾದ ತೇವವೇ ಈ ನೊಣಗಳಿಗೂ ಪ್ರಿಯ ಎಂಬುದನ್ನು ಮಾರುವವರು ಹೇಳುವುದಿಲ್ಲ.

ಸಸಿಮನೆ, ಕೋಲಾರ: ಕುಂಡಕ್ಕೆ ಅದು ಸರಿ. ಹಿಡಿಯಷ್ಟೂ ಕೊಕೊಪೀಟ್ ಇಲ್ಲದ ಗುಳಿಯಲ್ಲಿ ಈಗಷ್ಟೇ ಎಲೆಯೊಡೆದ ಸಸಿಯನ್ನು ಒಣಗಿಸಿದರೆ, ಹುಳುವಿಗಿಂತ ಮೊದಲು ಸಸಿಯೇ ಸಾಯುತ್ತದೆ.

ಕೀಟಶಾಸ್ತ್ರ ವಿದ್ಯಾರ್ಥಿ, ಧಾರವಾಡ: ಒಪ್ಪುತ್ತೇನೆ; ತೇವ ತಪ್ಪಿಸಲಾಗದ ಕಡೆಗೇ ನೆಮಟೋಡ್ ಹೊಂದುತ್ತದೆ. ನನ್ನ ಅಳುಕಿರುವುದು ಬಿಸಿಲಿನ ಬಗ್ಗೆ. ಫೆಲ್ಟಿಯೇ ತಂಪಿನ ಜೀವಿ. ಮಣ್ಣಿನ ಉಷ್ಣತೆ 12ರಿಂದ 25 ಡಿಗ್ರಿ ಇದ್ದಾಗ ಚುರುಕಾಗಿದ್ದು, 30 ದಾಟಿದರೆ ಸೊರಗುತ್ತದೆ. ಯುರೋಪಿನ ಗಾಜಿನ ಮನೆಗಳಲ್ಲಿ ಗೆದ್ದದ್ದನ್ನು ಏಪ್ರಿಲ್ ತಿಂಗಳ ಪಾಲಿಹೌಸ್‌ಗೆ ಹಾಗೆಯೇ ತಂದರೆ ದುಡ್ಡು ದಂಡ.

ಅಡಿಕೆ ತೋಟ, ಶೃಂಗೇರಿ: ಹಾಗಿದ್ದರೆ ನಮ್ಮ ನೆಲದ್ದನ್ನೇ ಬಳಸಬಾರದೇಕೆ? ಕೊಯಮತ್ತೂರಿನಲ್ಲಿ ದೊರೆತು 1992ರಲ್ಲಿ ಹೆಸರು ಪಡೆದ ಹೆಟೆರೊರಾಬ್ಡಿಟಿಸ್ ಇಂಡಿಕಾ ಎಂಬ ನೆಮಟೋಡ್ ಸೆಕೆಯನ್ನು ತಾಳುತ್ತದೆ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ ಅದನ್ನು ಪುಡಿಯ ರೂಪಕ್ಕೆ ತಂದಿದ್ದು, ಅಡಿಕೆಯ ಬೇರುಹುಳುವಿಗೆ ಬಳಕೆಯಲ್ಲಿದೆ.

ಕೀಟಶಾಸ್ತ್ರ ವಿದ್ಯಾರ್ಥಿ, ಧಾರವಾಡ: ಬೇಸಿಗೆಗೆ ಅದೇ ಮೇಲು ಎಂದು ನನಗೂ ಅನ್ನಿಸುತ್ತದೆ. ಆದರೆ ಬೇರುಹುಳುವಿಗೆ ಹೇಳಿದ ಪ್ರಮಾಣವನ್ನು ಕಣ್ಣುಮುಚ್ಚಿ ಪ್ರೋಟ್ರೇಗೆ ಇಳಿಸಬೇಡಿ. ಮೊದಲು ಕೆಲವೇ ತಟ್ಟೆಗಳಿಗೆ ಹಾಕಿ, ಕೊಕೊಪೀಟ್ ಮೇಲೆ ಆಲೂಗಡ್ಡೆಯ ಬಿಲ್ಲೆಗಳನ್ನಿಟ್ಟು, ಎರಡು ದಿನದ ನಂತರ ಅವುಗಳ ಅಡಿಯಲ್ಲಿ ಸೇರಿದ ಹುಳುಗಳನ್ನು ಎಣಿಸಿ, ಹಾಕದ ತಟ್ಟೆಗಳೊಂದಿಗೆ ಹೋಲಿಸಿ. ಫೆಲ್ಟಿಯೇಗಾದರೆ ಚದರ ಮೀಟರಿಗೆ ಸುಮಾರು 5 ಲಕ್ಷ ನೆಮಟೋಡ್ ಎಂಬುದು ರೂಢಿಯ ಪ್ರಮಾಣ.

ಸಸಿಮನೆ, ಕೋಲಾರ: ಬೆನ್ನಿಗೆ ಕಟ್ಟುವ ಸ್ಪ್ರೇಯರ್‌ನಲ್ಲಿ ಹಾಕಬಹುದೇ?

ಕೀಟಶಾಸ್ತ್ರ ವಿದ್ಯಾರ್ಥಿ, ಧಾರವಾಡ: ಹಾಕಬಹುದು, ಸಣ್ಣ ಕಣ್ಣಿನ ಜಾಲರಿಯನ್ನು ತೆಗೆದಿಟ್ಟರೆ. ನೆಮಟೋಡ್ ತಳಕ್ಕೆ ಇಳಿಯುವುದರಿಂದ ಡಬ್ಬವನ್ನು ಆಗಾಗ ಕುಲುಕಬೇಕು. ನೇರ ಬಿಸಿಲು ಅದನ್ನು ಬೇಗ ಕೊಲ್ಲುವುದರಿಂದ ಹೊತ್ತು ಇಳಿದ ಮೇಲೆ, ಮೊದಲೇ ನೆನೆಸಿದ ತಟ್ಟೆಗಳಿಗೆ ಹಾಕಿ.